ಶರತ್ಕಾಲಕ್ಕೆ ಮನೆ ಸಜ್ಜು: ಹರಿಯದ ಶೇಂಗಾ ಹೋಳಿಗೆ, ಬಾಡದ ತೋರಣ, ಹೂ ಬಿಡುವ ಸೇವಂತಿಗೆ

ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೆಯ ವಾರಕ್ಕೆ, ದಾವಣಗೆರೆ ಸುತ್ತಲಿನ ರಸ್ತೆಗಳ ಒಂದು ಮಗ್ಗುಲು ಮೆಕ್ಕೆಜೋಳದ ಪಾಲಾಗಿರುತ್ತದೆ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು ಬಳ್ಳಿ ಒಟ್ಟಿರುತ್ತಾರೆ. ನವರಾತ್ರಿ, ಶೀಗೆ ಹುಣ್ಣಿಮೆ, ದೀಪಾವಳಿ ಮೂರೂ ಆಶ್ವಯುಜ–ಕಾರ್ತಿಕದ ಈ ಎರಡು ತಿಂಗಳಲ್ಲೇ ಬಂದು ಹೋಗುತ್ತವೆ. ಬಿಸಿಲಿಗೆ ಇನ್ನೂ ಕಾವಿದೆ, ರಾತ್ರಿಗೆ ಆಗಲೇ ತಂಪು ಬಂದಿದೆ. ಅಡುಗೆಮನೆ, ಹೊಸ್ತಿಲು, ಹಿತ್ತಿಲು ಮೂರಕ್ಕೂ ಏಕಕಾಲಕ್ಕೆ ಕೈ ಹಾಕಬಹುದಾದ ಕಾಲ ವರ್ಷದಲ್ಲಿ ಇದೊಂದೇ. ಆದರೆ ಪ್ರತಿ ವರ್ಷವೂ ಜನ ಅದೇ ಜಾಗದಲ್ಲಿ ಎಡವುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಡುಗೆಮನೆ: ಶೇಂಗಾ ಹೋಳಿಗೆ

ಬೇಳೆ ಹೋಳಿಗೆ ವರ್ಷವಿಡೀ ಇದ್ದದ್ದೇ. ಹೊಸ ಶೇಂಗಾ ಬರುವ ಈ ಕಾಲಕ್ಕೆ ಶೇಂಗಾ ಹೋಳಿಗೆಯೇ ಸರಿ. ಇದು ಎಂಟು–ಹತ್ತು ದಿನ ಕೆಡುವುದಿಲ್ಲ. ಶೀಗೆ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಕಟ್ಟಲು, ರಜೆ ಮುಗಿಸಿ ಹಾಸ್ಟೆಲಿಗೆ ಮರಳುವ ಮಕ್ಕಳ ಚೀಲಕ್ಕೆ ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ.

ಬೇಕಾದದ್ದು ಇಷ್ಟು: ಹೂರಣಕ್ಕೆ ಶೇಂಗಾ ಕಾಳು 2 ಬಟ್ಟಲು, ಬೆಲ್ಲದ ಪುಡಿ ಒಂದೂವರೆ ಬಟ್ಟಲು, ಹುರಿದ ಎಳ್ಳು 2 ಚಮಚ, ಏಲಕ್ಕಿ 4. ಕಣಕಕ್ಕೆ ಮೈದಾ ಒಂದೂವರೆ ಬಟ್ಟಲು, ಚಿರೋಟಿ ರವೆ ಅರ್ಧ ಬಟ್ಟಲು, ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ, 2 ಚಮಚ ಎಣ್ಣೆ. ಹದಿನೈದು–ಹದಿನಾರು ಹೋಳಿಗೆಯಾಗುತ್ತವೆ. ಕಣಕವನ್ನು ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಎಣ್ಣೆ ಸವರಿ, ಕನಿಷ್ಠ ಒಂದು ಗಂಟೆ ಮುಚ್ಚಿಡಿ. ಕಣಕದ ವಿಷಯ ಇಷ್ಟಕ್ಕೇ ಮುಗಿಯಿತು.

ಹೋಳಿಗೆ ಹರಿದಾಗ ಎಲ್ಲರೂ ಬೈಯುವುದು ಲಟ್ಟಣಿಗೆಯನ್ನು, ಇಲ್ಲವೇ ಮೈದಾವನ್ನು. ತಪ್ಪು ಅಲ್ಲಿರುವುದಿಲ್ಲ. ಹೋಳಿಗೆ ಹರಿಯುವುದು ನಿರ್ಧಾರವಾಗುವುದು ಅದಕ್ಕೂ ಒಂದು ಗಂಟೆ ಮೊದಲು, ಮಿಕ್ಸಿಯ ಜಾರಿನಲ್ಲಿ. ಆದ್ದರಿಂದ ಇಲ್ಲಿ ಸಾವಧಾನವಾಗಿ ಓದಿ.

ಶೇಂಗಾವನ್ನು ಮೊದಲು ಮೊರಕ್ಕೆ ಸುರಿದು ಆರಿಸಿ. ಮುದುಡಿದ, ಕಪ್ಪಾದ, ಬೂಸಲು ಹಿಡಿದ ಕಾಳುಗಳನ್ನು ಮುಲಾಜಿಲ್ಲದೆ ಎಸೆಯಿರಿ. ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕ ಶೇಂಗಾಕ್ಕೆ ಹಿಡಿಯುವ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕೇಡು. ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ‘ನಾಲ್ಕು ಕಾಳಿನಿಂದ ಏನಾಗುತ್ತದೆ’ ಎನ್ನುವವರ ಮನೆಯ ಹೋಳಿಗೆಗೆ ಒಂದು ಕಹಿ ಇದ್ದೇ ಇರುತ್ತದೆ.

ಹುರಿಯುವುದು ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ. ಹಳೆಯ ಶೇಂಗಾಕ್ಕೆ 10–12 ನಿಮಿಷ ಸಾಕು. ಹೊಸದರಲ್ಲಿ ತೇವ ಉಳಿದಿರುತ್ತದೆ, 15 ನಿಮಿಷವಾದರೂ ಬೇಕು. ಉರಿ ಜೋರು ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬಾಣಲೆಯಿಂದ ಬಿಸಿ ಕಾಳನ್ನೇ ಬಾಯಿಗೆ ಹಾಕಿ ‘ಇನ್ನೂ ಮೆತ್ತಗಿದೆ’ ಎಂದು ಮತ್ತೆ ಹುರಿಯಬೇಡಿ. ಬಿಸಿ ಶೇಂಗಾ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ. ಒಂದು ಕಾಳನ್ನು ತಟ್ಟೆಯ ಅಂಚಿನಲ್ಲಿ ಆರಲು ಬಿಟ್ಟು, ಎರಡು ಹೋಳು ಮಾಡಿ ನೋಡಿ: ಒಳಮೈ ಬೆಳ್ಳಗಿರದೆ ತುಸು ಕಂದಿದ್ದರೆ, ಸಿಪ್ಪೆ ಬೆರಳಿಗೆ ಸಲೀಸಾಗಿ ಬಿಟ್ಟರೆ ಆಯಿತು.

ಇನ್ನು ಹುರಿದದ್ದನ್ನು ತಣ್ಣಗಾಗಲು ಬಿಡುವುದು. ಬಹುತೇಕರು ಕೆಡಿಸುವುದು ಇಲ್ಲೇ. ಶೇಂಗಾ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಕಾವಿರುವಾಗ ಅರೆದರೆ ಅದೆಲ್ಲ ಹೊರಗೆ ಬರುತ್ತದೆ. ಎಣ್ಣೆ ಬಿಟ್ಟ ಹೂರಣ ಕಣಕಕ್ಕೆ ಅಂಟುವುದಿಲ್ಲ, ಒಳಗೇ ಜಾರುತ್ತದೆ, ಲಟ್ಟಿಸುವಾಗ ಒಂದು ಕಡೆಗೆ ನುಗ್ಗಿ ಅಂಚನ್ನು ಸೀಳುತ್ತದೆ. ಆದ್ದರಿಂದ ಹುರಿದದ್ದನ್ನು ಅಗಲವಾದ ಪರಾತದಲ್ಲಿ ಹರಡಿ ಫ್ಯಾನಿನಡಿ ಇಡಿ. ಮೇಲಿನ ಕಾಳು ತಣ್ಣಗಾದರೆ ಸಾಲದು. ರಾಶಿಯ ನಡುವೆ ಬೆರಳು ಇಳಿಸಿದಾಗ ಬಿಸಿ ತಾಕಬಾರದು. ಅರ್ಧ ಗಂಟೆಯಾದರೂ ಬೇಕು. ನಂತರ ಕೈಯಲ್ಲಿ ತಿಕ್ಕಿ, ಅಂಗಳಕ್ಕೆ ಹೋಗಿ ಮೊರದಲ್ಲಿ ಕೇರಿ. ಸಿಪ್ಪೆ ಅಲ್ಲಲ್ಲಿ ಉಳಿದರೆ ಚಿಂತೆಯಿಲ್ಲ.

ಜಾರಿಗೆ ಅರ್ಧದಷ್ಟು ಮಾತ್ರ ತುಂಬಿ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ. ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಎರಡು–ಮೂರು ಸೆಕೆಂಡಿಗೊಮ್ಮೆ ಬಿಡಿ, ಜಾರನ್ನು ಕುಲುಕಿ, ಮತ್ತೆ ತಿರುಗಿಸಿ. ಪುಡಿ ಜಾರಿನ ಗೋಡೆಗೆ ಮೆತ್ತಿಕೊಳ್ಳತೊಡಗಿದರೆ ಅದೇ ಎಚ್ಚರಿಕೆ, ಅಲ್ಲಿಗೇ ನಿಲ್ಲಿಸಿ. ಪುಡಿಯನ್ನು ಸಾಣಿಗೆಯಲ್ಲಿ ಹಿಡಿಯಿರಿ. ಮೇಲೆ ಉಳಿದ ತರಿಗೆ ಒಂದು ಚಮಚ ಪುಟಾಣಿ ಸೇರಿಸಿ ಮತ್ತೊಮ್ಮೆ ತಿರುಗಿಸಿ. ಒಂದು ದೊಡ್ಡ ತರಿ ಉಳಿದರೂ ಸಾಕು, ಲಟ್ಟಿಸುವಾಗ ಕಣಕಕ್ಕೆ ತೂತು ಬೀಳುತ್ತದೆ. ಈಗಾಗಲೇ ಎಣ್ಣೆ ಬಿಟ್ಟುಕೊಂಡಿದ್ದರೆ ಎರಡು–ಮೂರು ಚಮಚ ಪುಟಾಣಿ ಹಿಟ್ಟು ಬೆರೆಸಿ; ಅದು ಎಣ್ಣೆ ಹೀರಿಕೊಳ್ಳುತ್ತದೆ. ರುಚಿ ಒಂದು ಗುಲಗಂಜಿ ಕಡಿಮೆಯಾದರೂ ಮಾನ ಉಳಿಯುತ್ತದೆ.

ಅಂಗಡಿಯಲ್ಲಿ ಹುರಿದು ಪುಡಿ ಮಾಡಿದ ಶೇಂಗಾದ ಪೊಟ್ಟಣ ಸಿಗುತ್ತದಲ್ಲ ಎನ್ನುವವರಿದ್ದಾರೆ. ಅದನ್ನು ಚಟ್ನಿಪುಡಿಗೆ ಬಳಸಿ. ಪುಡಿ ಮಾಡಿ ಬಹಳ ದಿನ ಇಟ್ಟ ಶೇಂಗಾ ಕಮಟುತ್ತದೆ, ಬೆಲ್ಲ ಸೇರಿದ ಮೇಲೆ ಆ ವಾಸನೆ ಇನ್ನೂ ಎದ್ದು ಕಾಣುತ್ತದೆ.

ಬೆಲ್ಲದ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು: ಹಳದಿಯಾಗಿ ಹೊಳೆಯುವ ಬೆಲ್ಲ ಬೇಡ, ಕಪ್ಪನೆಯದನ್ನು ತನ್ನಿ. ಪಾಕ ಮಾಡುವ ಗೋಜಿಗೂ ಹೋಗಬೇಡಿ. ಪಾಕ ಒಂದೆಳೆ ಮುಂದೆ ಹೋಯಿತೆಂದರೆ ಹೂರಣ ಮರುದಿನ ಚಿಕ್ಕಿಯಂತೆ ಗಟ್ಟಿಯಾಗುತ್ತದೆ. ಬೆಲ್ಲವನ್ನು ತುರಿದು, ಶೇಂಗಾ ಪುಡಿ, ಎಳ್ಳು, ಏಲಕ್ಕಿ ಪುಡಿಯೊಂದಿಗೆ ಕೈಯಲ್ಲೇ ಬೆರೆಸಿ. ಆಮೇಲೆ ಬಿಸಿ ನೀರನ್ನು ಚಮಚದಲ್ಲಿ ಹಿಡಿದು ಚಿಮುಕಿಸಿ. ಸುರಿಯುವಂತಿಲ್ಲ. ಎರಡು ಚಮಚ ಹಾಕಿದ ಮೇಲೂ ಪುಡಿಪುಡಿಯಾಗಿಯೇ ಕಂಡರೆ ಗಾಬರಿಯಾಗದೆ ಹತ್ತು ನಿಮಿಷ ಮುಚ್ಚಿಡಿ. ಬೆಲ್ಲ ತಾನೇ ನೀರು ಕುಡಿದು ಸಡಿಲವಾಗುತ್ತದೆ. ಆ ಹತ್ತು ನಿಮಿಷ ಕಾಯದೆ ಮೂರನೆಯ, ನಾಲ್ಕನೆಯ ಚಮಚ ಹಾಕಿದವರ ಹೂರಣ ನೋಡನೋಡುತ್ತಲೇ ಅಂಬಲಿಯಾಗುತ್ತದೆ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಿವಿದರೆ ಒಡೆಯಬೇಕು. ಕಣಕದ ಉಂಡೆಯನ್ನೂ ಹೂರಣದ ಉಂಡೆಯನ್ನೂ ಅಕ್ಕಪಕ್ಕ ಇಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿ. ಎರಡರಲ್ಲೂ ಗುಣಿ ಒಂದೇ ಆಳಕ್ಕೆ ಬಿದ್ದರೆ ಹೋಳಿಗೆ ಹರಿಯುವುದಿಲ್ಲ.

ಉಳಿದದ್ದು ಸುಲಭ. ತುಂಬಿ, ಮೊದಲು ಬೆರಳಲ್ಲೇ ಅಂಚಿನವರೆಗೆ ತಟ್ಟಿ, ಆಮೇಲೆ ಹಗುರ ಕೈಯಲ್ಲಿ ಲಟ್ಟಿಸಿ, ಒಣ ಹಂಚಿನ ಮೇಲೆ ಮಧ್ಯಮ ಉರಿಯಲ್ಲಿ ಎರಡೂ ಮಗ್ಗುಲು ಬೇಯಿಸಿ. ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸಬೇಡಿ. ತುಪ್ಪ ಹಂಚಿಗೆ ಬೇಡ, ತಿನ್ನುವಾಗ ತಟ್ಟೆಗೆ ಬಡಿಸಿಕೊಳ್ಳಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರು ಮಂಡಕ್ಕಿ ಒಗ್ಗರಣೆ ಮಾಡಿ ಮಿರ್ಚಿ ಜೊತೆ ತಿನ್ನಲಿ. ದಾವಣಗೆರೆಯಲ್ಲಿ ಅದಕ್ಕೆ ಋತುವಿನ ಹಂಗಿಲ್ಲ.

ಹೊಸ್ತಿಲಿಗೆ: ಚೆಂಡು ಹೂವಿನ ತೋರಣ

ಆಯುಧಪೂಜೆಯ ಮುನ್ನಾದಿನ ದಾವಣಗೆರೆಯ ಗಡಿಯಾರ ಕಂಬದ ಆಸುಪಾಸಿನಲ್ಲಿ ಓಡಾಡಿದವರಿಗೆ ಗೊತ್ತು, ಬಿಡಿ ಹೂವಿನ ರಾಶಿಗೆ ವ್ಯಾಪಾರಿಗಳು ಎಷ್ಟು ನೀರು ಚಿಮುಕಿಸುತ್ತಾರೆಂದು. ಆ ನೀರಿನ ತೂಕಕ್ಕೂ ನೀವೇ ದುಡ್ಡು ಕೊಡುತ್ತೀರಿ. ಹೋಗಲಿ ಎಂದರೆ ಒದ್ದೆ ಹೂ ಚೀಲದಲ್ಲಿ ಬೆಂದು ರಾತ್ರಿಯೊಳಗೆ ಕೊಳೆಯುತ್ತದೆ. ಹೂವಿನ ದಳ ನೋಡಿ ಆರಿಸಬೇಡಿ. ಕೆಳಗಿನ ಹಸಿರು ಬುಡವನ್ನು ಹಿಸುಕಿ ನೋಡಿ: ಗಟ್ಟಿಯಾಗಿದ್ದರೆ ಇವತ್ತಿನದು, ಮೆತ್ತಗೆ ಕುಸಿದರೆ ಬೇಡ.

ಮನೆಗೆ ತಂದ ಕೂಡಲೇ ಚೀಲದಿಂದ ತೆಗೆದು ಹಳೆಯ ಪಂಚೆಯ ಮೇಲೆ ಹರಡಿ. ಪೋಣಿಸಲು ಗೋಣಿ ದಬ್ಬಣ, ದಪ್ಪ ಹತ್ತಿ ನೂಲು ಇರಲಿ. ದಬ್ಬಣವನ್ನು ದಳಗಳೊಳಗೆ ತೂರಿಸದೆ ಹಸಿರು ಬುಡದ ಅಡ್ಡಕ್ಕೆ ತೂರಿಸಿ. ದಳಕ್ಕೆ ಚುಚ್ಚಿದ ಹೂ ಮಧ್ಯಾಹ್ನಕ್ಕೆ ಉದುರಿ ಹೊಸ್ತಿಲು ಗುಡಿಸುವ ಕೆಲಸ ಹಚ್ಚುತ್ತದೆ. ಒತ್ತೊತ್ತಾಗಿ ಬಿಗಿಯಬೇಡಿ, ಹೂವಿನ ನಡುವೆ ಗಾಳಿಯಾಡಲಿ. ಐದು ಹೂವಿಗೊಂದು ಮಾವಿನೆಲೆ ಸಾಕು. ತೋರಣದ ಉದ್ದ ಬಾಗಿಲ ಅಗಲಕ್ಕಿಂತ ಕಾಲು ಭಾಗ ಹೆಚ್ಚಿದ್ದರೆ ನಡುವೆ ಚೆಂದದ ಜೋಲು ಬರುತ್ತದೆ. ಪಶ್ಚಿಮ ಬಾಗಿಲಿನ ಮನೆಯವರು ಚೌಕಟ್ಟಿನ ಒಳಮಗ್ಗುಲಿಗೆ ಕಟ್ಟಲಿ, ಬಿಸಿಲು ಬೀಳುವುದಿಲ್ಲ. ಪ್ಲಾಸ್ಟಿಕ್ ಚೆಂಡು ಹೂವಿನ ಹಾರಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಅವು ಧೂಳು ಹಿಡಿಯಲೆಂದೇ ಹುಟ್ಟಿದವು.

ಕುಂಬಳಕಾಯಿ ಒಡೆದ ಮೇಲೆ ಚೂರುಗಳನ್ನು ರಸ್ತೆಯಿಂದ ತೆಗೆದುಹಾಕಿ. ಬೈಕಿನವರು ಜಾರಿ ಬೀಳುವುದನ್ನು ಪ್ರತಿ ವರ್ಷ ನೋಡುತ್ತಿದ್ದೇವೆ.

ದೀಪಾವಳಿಗೆ ಹೊಸ ಹಣತೆ ತಂದರೆ ನಾಲ್ಕೈದು ಗಂಟೆ ನೀರಲ್ಲಿ ಮುಳುಗಿಸಿಟ್ಟು, ಒಣಗಿಸಿ ಬಳಸಿ. ಇಲ್ಲದಿದ್ದರೆ ಮಣ್ಣೇ ಅರ್ಧ ಎಣ್ಣೆ ಕುಡಿಯುತ್ತದೆ. ಪಾಡ್ಯದ ದಿನ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ, ಉತ್ತರಾಣಿ ಕಡ್ಡಿ, ಹಣ್ಣೆ ಹೂ, ಚೆಂಡು ಹೂ ಸಿಕ್ಕಿಸಿ ಬಾಗಿಲ ಎರಡೂ ಬದಿಗೆ ಕೂರಿಸುವ ಮನೆಗಳಿಗೆ ಅಲಂಕಾರದ ಪಾಠ ಬೇಕಿಲ್ಲ. ಅದಕ್ಕಿಂತ ಚೆಲುವಾದದ್ದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಹಬ್ಬ ಮುಗಿದ ಮೇಲೆ ಒಣಗಿದ ತೋರಣವನ್ನು ಕುಂಡದಲ್ಲಿ ಉದುರಿಸಿ ‘ಗಿಡ ಬರುತ್ತದೆ’ ಎಂದು ಕಾಯುವವರು ಬಹಳ. ಅಪರೂಪಕ್ಕೆ ಬರಬಹುದು. ಮಾರಾಟದ ಹೂವನ್ನು ಬೀಜ ಬಲಿಯುವ ಮೊದಲೇ ಕೊಯ್ದಿರುತ್ತಾರೆ, ಅದೂ ಹೆಚ್ಚಾಗಿ ಹೈಬ್ರಿಡ್ ತಳಿ. ಬೀಜ ಬೇಕಿದ್ದರೆ ನಾಟಿ ಗಿಡದ ಹೂ ಗಿಡದಲ್ಲೇ ಒಣಗಲಿ. ತೋರಣ ಗೊಬ್ಬರದ ಗುಂಡಿಗೆ ಹೋಗಲಿ.

ಹಿತ್ತಿಲಿಗೆ: ಸೊಪ್ಪು, ಸೇವಂತಿಗೆ

ಚಿತ್ತೆ, ಸ್ವಾತಿ ಮಳೆಗಳ ನಡುವಿನ ಬಿಡುವಿನಲ್ಲಿ ಕೊತ್ತಂಬರಿ, ಮೆಂತ್ಯ ಚೆಲ್ಲಿ. ಮೆಂತ್ಯ ಮೂರು–ನಾಲ್ಕು ದಿನಕ್ಕೆ ಮೊಳೆಯುತ್ತದೆ, ಅದಕ್ಕೆ ಯಾರ ಉಪದೇಶವೂ ಬೇಡ. ಕೊತ್ತಂಬರಿಗೆ ಹತ್ತು ದಿನ ತಾಳ್ಮೆ ಬೇಕು. ಅದರ ಒಂದೊಂದು ಗುಂಡಿನಲ್ಲಿ ಎರಡೆರಡು ಬೀಜ ಇರುತ್ತವೆ. ನೆಲದ ಮೇಲೆ ಹರಡಿ ಚಪ್ಪಲಿಯ ಅಡಿಯಿಂದ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಬಿತ್ತಿ, ಅರ್ಧ ಬೆರಳಿನಷ್ಟು ಮಣ್ಣು ಮುಚ್ಚಿ. ಕುಟ್ಟಾಣಿಯಲ್ಲಿ ಕುಟ್ಟಿದರೆ ಸಾರಿಗೆ ಬರುತ್ತದೆ, ಸೊಪ್ಪಿಗಲ್ಲ. ಎರೆಮಣ್ಣಿನವರು ಕುಂಡಕ್ಕೆ ಮೂರನೆಯ ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸದಿದ್ದರೆ ಮೇಲ್ಮೈ ಹೆಪ್ಪುಗಟ್ಟಿ ಮೊಳಕೆ ಏಳುವುದೇ ಇಲ್ಲ.

ಸೇವಂತಿಗೆ ಕುಂಡ ಕೊಳ್ಳುವಾಗ ಪೂರ್ತಿ ಅರಳಿದ್ದಕ್ಕೆ ಮರುಳಾಗಬೇಡಿ. ಮೂರು–ನಾಲ್ಕು ಹೂ ಅರಳಿ, ಉಳಿದವು ಬಣ್ಣ ತೋರುವ ಮೊಗ್ಗಾಗಿರುವುದನ್ನು ತನ್ನಿ. ನರ್ಸರಿಯ ಗಿಡಗಳು ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದಿರುತ್ತವೆ. ಅದು ಒಮ್ಮೆ ಪೂರ್ತಿ ಒಣಗಿತೆಂದರೆ ಮೇಲೆ ಸುರಿದ ನೀರೆಲ್ಲ ಅಂಚಿನಿಂದ ಇಳಿದು ಹೋಗುತ್ತದೆ, ಬೇರು ಬಾಯಾರಿಯೇ ಇರುತ್ತದೆ. ಕುಂಡವನ್ನು ಬಕೆಟ್ ನೀರಿನಲ್ಲಿ ಇಟ್ಟು, ಗುಳ್ಳೆ ನಿಲ್ಲುವವರೆಗೆ ಬಿಟ್ಟು ತೆಗೆಯಿರಿ. ಹೂ ಇರುವಾಗ ಬೇರೆ ಕುಂಡಕ್ಕೆ ಬದಲಿಸಬೇಡಿ. ಶೇಂಗಾ ಸುಲಿದ ಹೊಟ್ಟು ಇದ್ದರೆ ಬುಡಕ್ಕೆ ಹರಡಿ, ತೇವ ನಿಲ್ಲುತ್ತದೆ.

ಹೂ ಮುಗಿದ ಮೇಲೆ ಗಿಡ ಎಸೆಯುವವರೇ ಹೆಚ್ಚು. ಉಳಿಸಿಕೊಂಡವರ ದೂರು ಬೇರೆ: ‘ಗಿಡ ಸೊಂಪಾಗಿದೆ, ಹೂ ಮಾತ್ರ ಇಲ್ಲ.’ ಗೊಬ್ಬರ ಸುರಿಯುತ್ತಾರೆ, ಬೇವಿನ ಹಿಂಡಿ ಹಾಕುತ್ತಾರೆ, ಯಾರೋ ಹೇಳಿದರೆಂದು ಮಜ್ಜಿಗೆಯನ್ನೂ ಹೊಯ್ಯುತ್ತಾರೆ. ಕುಂಡದ ನೆತ್ತಿಯ ಮೇಲೆ ಉರಿಯುತ್ತಿರುವ ಬೀದಿ ದೀಪವನ್ನು ಮಾತ್ರ ಯಾರೂ ನೋಡುವುದಿಲ್ಲ. ಸೇವಂತಿಗೆ ಲೆಕ್ಕ ಇಡುವುದು ಕತ್ತಲಿನದು. ರಾತ್ರಿ ಉದ್ದವಾಗುತ್ತಾ ಬಂದಂತೆ ಮೊಗ್ಗು ಕಟ್ಟುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಇನ್ನೂ ಬೇಸಿಗೆಯೇ ಎಂದುಕೊಂಡು ಎಲೆ ಬಿಡುತ್ತಲೇ ಇರುತ್ತದೆ. ಹೂವನ್ನು ಬೇಕಾದ ಹಬ್ಬದ ದರಕ್ಕೆ ತಡಮಾಡಿ ಬಿಡಿಸಲು ಬೆಳೆಗಾರರು ರಾತ್ರಿ ಬಲ್ಬು ಉರಿಸುವುದೂ ಇದೇ ಕಾರಣಕ್ಕೆ.

ಜನವರಿಯಲ್ಲಿ ಹೂ ಬಾಡಿದ ಕೂಡಲೇ ಗಿಡವನ್ನು ನಾಲ್ಕು ಬೆರಳಿನಷ್ಟು ಬಿಟ್ಟು ಕತ್ತರಿಸಿ. ಬುಡದಿಂದ ಏಳುವ ಮರಿಗಳನ್ನು ಬೇರು ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ. ಏಪ್ರಿಲ್–ಮೇ ತಿಂಗಳ ನಮ್ಮ ಕೆಂಡದ ಬಿಸಿಲಿನಲ್ಲಿ ಅರೆನೆರಳು ಕೊಡಿ. ಜುಲೈಯಲ್ಲಿ ಕುಡಿ ಚಿವುಟುತ್ತಾ ಬಂದರೆ ಕವಲು ಹೆಚ್ಚುತ್ತವೆ, ಆದರೆ ಆಗಸ್ಟ್ ಕೊನೆಗೆ ಚಿವುಟುವುದನ್ನು ನಿಲ್ಲಿಸಿ. ಸೆಪ್ಟೆಂಬರ್‌ನಿಂದ ಮೊಗ್ಗು ಕಾಣುವವರೆಗೆ ರಾತ್ರಿ ವರಾಂಡದ ದೀಪ ಆರಿಸಿ. ಬೀದಿ ದೀಪವನ್ನು ಆರಿಸಲು ಬರುವುದಿಲ್ಲವಾದ್ದರಿಂದ ಕುಂಡವನ್ನೇ ಹಿತ್ತಿಲ ಕತ್ತಲೆಗೆ ಸಾಗಿಸಿ.