ನಮ್ಮ ಮನೆಯವರು ಸಿಗ್ನಲ್‌ಗೆ ಬಂದದ್ದು

2021ರ ಜನವರಿಯಲ್ಲಿ ವಾಟ್ಸ್ಆ್ಯಪ್ ಬಳಕೆದಾರರ ಮಾಹಿತಿಯ ಕುರಿತ ತನ್ನ ಹೊಸ ನಿಯಮಗಳನ್ನು ಒಪ್ಪಿಕೊಳ್ಳಲು ಫೆಬ್ರುವರಿ 8ರ ಗಡುವು ಕೊಟ್ಟಾಗ ಬದಿಯಡ್ಕದ ನಮ್ಮ ಕುಟುಂಬದ ಗ್ರೂಪಿನಲ್ಲಿಯೂ ಗಾಬರಿ ಹಬ್ಬಿತು. ಗಡುವು ಮೇ 15ಕ್ಕೆ ಮುಂದೆ ಹೋಯಿತು, ಗಾಬರಿ ಇಳಿಯಿತು. ವಾಟ್ಸ್ಆ್ಯಪ್‌ನಂತೆಯೇ ಸಂದೇಶ, ಕರೆಗೆ ಬಳಸುವ ಸಿಗ್ನಲ್ ಎಂಬ ಆ್ಯಪ್ ಅನ್ನು ಅವಸರದಲ್ಲಿ ಹಾಕಿಕೊಂಡಿದ್ದ ಭಾವಂದಿರು ಅದನ್ನು ತೆರೆಯುವುದನ್ನೇ ಬಿಟ್ಟರು. ಹೀಗಾಗಿ ನಾನು ಹೆದರಿಸುವ ಮಾತನ್ನೇ ಎತ್ತದೆ ಮನೆಯವರನ್ನು ಸಿಗ್ನಲ್‌ಗೆ ತರುವ ಕೆಲಸ ಶುರು ಮಾಡಿದೆ.

ಮೊದಲು ಹೋದದ್ದು ದೊಡ್ಡಮ್ಮನ ಬಳಿಗೆ. ಶ್ರಾದ್ಧ, ಪೂಜೆ, ಮದುವೆ ಮಾತುಕತೆ, ಎಲ್ಲ ಸುದ್ದಿಯೂ ಹೊರಡುವುದು ಅವರಿಂದ. ಅವರು ಇರುವಲ್ಲಿಗೆ ಉಳಿದವರು ಬರಲೇಬೇಕು. ಪಕ್ಕದಲ್ಲಿ ಕುಳಿತು ಆ್ಯಪ್ ಹಾಕಿಕೊಟ್ಟೆ, ಅಕ್ಷರ ದೊಡ್ಡದು ಮಾಡಿದೆ, ಬೆರಳು ರೂಢಿಯಿಂದ ಹೋಗುವ ಜಾಗದಲ್ಲಿಯೇ ಅದರ ಚಿತ್ರವನ್ನು ಇಟ್ಟೆ. ಫೋಟೊ, ಧ್ವನಿ ಸಂದೇಶ, ವಿಡಿಯೊ ಕರೆ ಬಿಟ್ಟು ಬೇರೇನನ್ನೂ ತೋರಿಸಲಿಲ್ಲ. ಮೊಮ್ಮಗುವಿನ ಫೋಟೊಗಳನ್ನು ಇನ್ನು ಇಲ್ಲಿಗೇ ಕಳುಹಿಸಬೇಕೆಂದು ಬೆಂಗಳೂರಿನಲ್ಲಿರುವ ಅವರ ಮಗಳಿಗೆ ಮೊದಲೇ ಹೇಳಿಟ್ಟಿದ್ದೆ. ನನ್ನ ಯಾವ ವಾದವೂ ಮಾಡದ ಕೆಲಸವನ್ನು ಆ ಫೋಟೊಗಳು ಮಾಡಿದವು.

ಚಿಕ್ಕಪ್ಪ ಮಾತ್ರ ಪ್ರಶ್ನೆ ಕೇಳದೆ ಬಿಡುವವರಲ್ಲ. "ನಾವು ಮಾತಾಡುವುದು ಅಡಿಕೆ ಧಾರಣೆ, ಮದ್ದು ಬಿಡುವವನು ಯಾವಾಗ ಬರುತ್ತಾನೆ ಎಂಬುದು. ಕದ್ದು ಕೇಳಿ ಯಾರಿಗೇನು ಲಾಭ ಮಾರಾಯ?"

ಇಲ್ಲಿ ಸುಳ್ಳು ಹೇಳಬಾರದು. ವಾಟ್ಸ್ಆ್ಯಪ್‌ನಲ್ಲಿಯೂ 2016ರಿಂದ ಸಂದೇಶದ ಒಳಗಿನ ಮಾತು ಗುಪ್ತವಾಗಿಯೇ ಹೋಗುತ್ತದೆ, ಅದಕ್ಕೆ ಬಳಸಿದ ವಿಧಾನವೂ ಸಿಗ್ನಲ್‌ನದೇ. ಪ್ರಶ್ನೆ ಇರುವುದು ಯಾರು ಯಾರೊಡನೆ, ಯಾವಾಗ, ಎಷ್ಟು ಸಲ ಮಾತಾಡುತ್ತಾರೆ ಎಂಬುದರಲ್ಲಿ. ಬಸ್ ನಿಲ್ದಾಣದ ಎದುರಿನ ಅಂಗಡಿಯವನಿಗೆ ನಮ್ಮ ಮಾತು ಕೇಳಿಸದಿದ್ದರೂ ದಿನವೂ ಯಾರು ಯಾರ ಮನೆಗೆ ಹೋದರೆಂಬುದು ಗೊತ್ತಿರುತ್ತದೆಯಲ್ಲ, ಹಾಗೆ ಎಂದೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಅಪರಾಧದ ಆರೋಪಗಳನ್ನು ಪರಿಶೀಲಿಸುವ ನಾಗರಿಕರ ಮಂಡಳಿ) ಮಾಹಿತಿ ಕೇಳಿದಾಗ ಸಿಗ್ನಲ್‌ನವರ ಬಳಿ ಕೊಡಲು ಇದ್ದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯದಾಗಿ ಸಂಪರ್ಕಕ್ಕೆ ಬಂದ ದಿನ ಮಾತ್ರ.

"ಹಾಗಾದರೆ ಖರ್ಚಿಗೆ ದುಡ್ಡು?" ಸರಿಯಾದ ಪ್ರಶ್ನೆ. ಜಾಹೀರಾತಿಲ್ಲ, ನಡೆಸುವುದು ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನ. ವಾಟ್ಸ್ಆ್ಯಪ್ ಕಟ್ಟಿದವರಲ್ಲೊಬ್ಬರಾದ ಬ್ರಿಯಾನ್ ಆ್ಯಕ್ಟನ್ ಹೊರಬಂದು 2018ರಲ್ಲಿ ಅದಕ್ಕೆ 5 ಕೋಟಿ ಡಾಲರ್ ಕೊಟ್ಟರು. ಚಿಕ್ಕಪ್ಪ ಫೋನ್ ನನ್ನ ಕೈಗಿತ್ತದ್ದು ಇದನ್ನು ಕೇಳಿದ ಮೇಲೆ.

ದುಬೈಯಲ್ಲಿರುವ ಗೆಳೆಯನನ್ನು ಹೆಚ್ಚು ಒತ್ತಾಯಿಸಲಿಲ್ಲ. ಅಲ್ಲಿ ಪರವಾನಗಿಯಿಲ್ಲದ ಆ್ಯಪ್‌ಗಳ ಕರೆಗೆ ನಿರ್ಬಂಧವಿದೆ. ಅವನು ಸಂದೇಶಕ್ಕೆ ಮಾತ್ರ ಸಿಗ್ನಲ್ ಬಳಸುತ್ತಾನೆ. ಶಾಲೆ, ಭಜನಾ ಮಂಡಳಿ, ಅಡಿಕೆ ಧಾರಣೆಯ ಗ್ರೂಪುಗಳು ಹಳೆಯ ಕಡೆಯೇ ಇವೆ. ವಾಟ್ಸ್ಆ್ಯಪ್ ತೆಗೆಯಿರಿ ಎಂದು ನಾನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಒಬ್ಬರೂ ಬರುತ್ತಿರಲಿಲ್ಲ.

ಹಿರಿಯರಿಗೆ ಹಾಕಿಕೊಡುವವರು ಎರಡು ವಿಷಯ ನೋಡಿಕೊಳ್ಳಬೇಕು. ಮರೆಯದಿರಲೆಂದು ಸಿಗ್ನಲ್ ಆಗಾಗ ಪಿನ್ ಕೇಳುತ್ತದೆ. ಅದನ್ನು ಕಂಡು ಅವರು ಗಾಬರಿಯಾಗದಂತೆ ಮೊದಲೇ ತಿಳಿಸಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಫೋನ್ ಬದಲಿಸುವಾಗ ಹಳೆಯದು ಕೈಯಲ್ಲಿರುವಾಗಲೇ ಸಂದೇಶಗಳನ್ನು ಹೊಸದಕ್ಕೆ ವರ್ಗಾಯಿಸಿಕೊಡಿ.