ಬಾಟಲಿ ತೆರೆಯದೆ ಬೆಲೆ ಕಟ್ಟುವುದು

ಮಂಡ್ಯ ಮಾರ್ಕೆಟ್ಟಿನಲ್ಲಿ ಬೆಲ್ಲ ಕೊಳ್ಳುವವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ರೇಟು ಹೇಳುತ್ತಾರೆ. ಹಳೇ ವೈನ್‌ನಲ್ಲಿ ಆ ಅನುಕೂಲ ಇಲ್ಲ. ತೆರೆದರೆ ಮಾಲು ಮುಗಿಯಿತು. ಹೊರಗಿನಿಂದ ನೋಡಿಯೇ ಬೆಲೆ ಕಟ್ಟಬೇಕು. ನಾನು ಲಂಡನ್ನಿನ ಹೋಟೆಲೊಂದರಲ್ಲಿ ವೈನ್ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಈಗ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ಮಾತ್ರ ಅಲ್ಲಿನ ವೈನ್ ಹರಾಜಿಗೆ ಹೋಗುವುದನ್ನು ಬಿಟ್ಟಿಲ್ಲ.

ಎಲ್ಲರೂ ಮೊದಲು ಕೇಳುವುದು ಯಾವ ವರ್ಷದ್ದು ಅಂತ. ನಾನು ಕೇಳುವುದು ಇಷ್ಟು ದಿನ ಎಲ್ಲಿತ್ತು ಅಂತ. ವೈನ್‌ಗೆ 12ರಿಂದ 14 ಡಿಗ್ರಿ ತಂಪು, ಕತ್ತಲೆ, ಸ್ವಲ್ಪ ತೇವ ಬೇಕು. ಬಾಟಲಿ ಮಲಗಿರಬೇಕು. ನಿಲ್ಲಿಸಿಟ್ಟರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ. ಕೊಂಡ ದಿನದಿಂದ ಒಂದೇ ನೆಲಮಾಳಿಗೆಯಲ್ಲಿತ್ತು ಅಂತ ರಸೀದಿ ಸಮೇತ ತೋರಿಸಿದರೆ ನಾನು ಜಾಸ್ತಿ ಕೊಡಲು ಸಿದ್ಧ.

ಹಳೇದಾದಷ್ಟೂ ರುಚಿ ಅನ್ನುವುದು ಎಲ್ಲ ವೈನ್‌ಗೂ ಹೊಂದುವ ಮಾತಲ್ಲ. ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಕುಡಿಯಲೆಂದೇ ಮಾಡಿದ್ದು. ಫ್ರಾನ್ಸಿನ ಒಳ್ಳೆ ಬೋರ್ಡೊ, ಅಲ್ಲಿಯದೇ ಸಿಹಿ ವೈನ್ ಸೊಟರ್ನ್, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್ ದಶಕಗಟ್ಟಲೆ ತಾಳುತ್ತವೆ. ಪೋರ್ಚುಗಲ್ಲಿನದೇ ದ್ವೀಪವೊಂದರ ವೈನ್ ಮದೇರಾವನ್ನು ತಯಾರಿಸುವಾಗಲೇ ಬಿಸಿಯಲ್ಲಿ ಹದ ಮಾಡಿರುತ್ತಾರೆ, ಅದು ನೂರು ವರ್ಷ ದಾಟಿದರೂ ಚೆನ್ನಾಗಿರಬಹುದು.

ಒಮ್ಮೆ 1970ರ ಬೋರ್ಡೊ, 12 ಬಾಟಲಿಯ ಪೆಟ್ಟಿಗೆ ಹರಾಜಿಗೆ ಬಂತು. 1970 ಒಳ್ಳೆ ವರ್ಷ. ಆದರೆ ಎಲ್ಲಿತ್ತು ಅನ್ನುವುದಕ್ಕೆ ದಾಖಲೆ ಇರಲಿಲ್ಲ. ಹಿಂದಿನ ದಿನವೇ ಹೋಗಿ ಒಂದೊಂದನ್ನೂ ಎತ್ತಿ, ಕತ್ತಿನ ಹಿಂದೆ ಟಾರ್ಚ್ ಹಿಡಿದೆ. ವರ್ಷ ಕಳೆದಂತೆ ವೈನ್ ಕಾರ್ಕ್ ಮೂಲಕ ಸ್ವಲ್ಪ ಸ್ವಲ್ಪ ಆರುತ್ತದೆ, ಮಟ್ಟ ಇಳಿಯುತ್ತದೆ. ಐದರಲ್ಲಿ ಮಟ್ಟ ಕತ್ತಿನ ಬುಡದಲ್ಲೇ ಇತ್ತು, ಬಣ್ಣ ಇಟ್ಟಿಗೆಗೆಂಪು, ತಿಳಿಯಾಗಿತ್ತು. ನಾಲ್ಕರಲ್ಲಿ ಹೆಗಲಿನ, ಅಂದರೆ ಕತ್ತಿನ ಕೆಳಗೆ ಬಾಟಲಿ ಅಗಲವಾಗುವ ಭಾಗದ, ನಡುವಿಗೆ ಇಳಿದಿತ್ತು. ಉಳಿದ ಮೂರರಲ್ಲಿ ಹೆಗಲಿಗಿಂತಲೂ ಕೆಳಗೆ. ಅದರಲ್ಲೊಂದರ ಮುಚ್ಚಳದ ಹಾಳೆಯ ಕೆಳಗೆ ವೈನ್ ಒಸರಿ ಅಂಟಂಟಾಗಿತ್ತು, ಬಣ್ಣ ಕಂದು.

ಲೆಕ್ಕ ಹೀಗೆ ಹಾಕಿದೆ. ಮೊದಲ ಐದರಲ್ಲಿ ನಾಲ್ಕು ಚೆನ್ನಾಗಿರಬಹುದು. ನಡುವಿನ ನಾಲ್ಕರಲ್ಲಿ ಎರಡು. ಕೊನೆಯ ಮೂರಕ್ಕೆ ಸೊನ್ನೆ. ಅಂದರೆ ನಾನು ಕೊಳ್ಳುತ್ತಿರುವುದು ಹನ್ನೆರಡಲ್ಲ, ಆರು. ನಂಬಿಕಸ್ತ ಅಂಗಡಿಯಲ್ಲಿ ಒಳ್ಳೆ ಬಾಟಲಿ 60 ಪೌಂಡ್ ಇತ್ತು. ಆರಕ್ಕೆ 360. ಹರಾಜಿನವರ ಕಮಿಷನ್, ಅದರ ಮೇಲಿನ ತೆರಿಗೆ ಸೇರಿ ಕೂಗಿದ ಬೆಲೆಯ ಮೇಲೆ ಸುಮಾರು 30% ಬೀಳುತ್ತಿತ್ತು. ಅದನ್ನು ಕಳೆದರೆ ಕೂಗಬಹುದಾದದ್ದು 277. ಆದರೆ ಅಂಗಡಿಯವರು ಕೆಟ್ಟಿದ್ದರೆ ಬದಲಿ ಕೊಡುತ್ತಾರೆ, ಇಲ್ಲಿ ಯಾರೂ ಕೊಡುವುದಿಲ್ಲ. ಆ ಅಪಾಯ ಹೊರುವವನಿಗೂ ಏನಾದರೂ ಉಳಿಯಬೇಕಲ್ವಾ? ಚೀಟಿಯಲ್ಲಿ 220 ಅಂತ ಬರೆದುಕೊಂಡೆ. ಕೂಗು 240ಕ್ಕೆ ಹೋದಾಗ ಕೈ ಎತ್ತಲಿಲ್ಲ. ಬರೆದ ಅಂಕಿ ದಾಟುವುದಿಲ್ಲ ಅನ್ನುವುದನ್ನು ನಾನು ತುಂಬಾ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಹರಾಜಿನ ಬಿಸಿಯಲ್ಲಿ ತಲೆ ಓಡುವುದಿಲ್ಲ.

ತೀರಾ ದೊಡ್ಡ ಹೆಸರಿನ ಬಾಟಲಿಗಳ ತಂಟೆಗೂ ಹೋಗುವುದಿಲ್ಲ. ರೂಡಿ ಕುರ್ನಿಯವಾನ್ ಎಂಬಾತ ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲೇ ವೈನ್ ಬೆರೆಸಿ, ಹಳೇ ಲೇಬಲ್ ಹಚ್ಚಿ ಮಾರುತ್ತಿದ್ದ. 2012ರಲ್ಲಿ ಸಿಕ್ಕಿಬಿದ್ದ. ಅಲ್ಲಿಯವರೆಗೆ ಮೋಸಹೋದವರಲ್ಲಿ ಬಲ್ಲವರೇ ಇದ್ದರು.

ಮೈಸೂರಿನ ಸ್ನೇಹಿತರು ಮನೆಯ ಶೋಕೇಸಿನಲ್ಲಿರುವ ಬಾಟಲಿ ತೋರಿಸಿ, "ಸಾರ್, ಇದು ಎಷ್ಟು ಬೆಲೆ ಬಾಳುತ್ತೆ?" ಅಂತ ಕೇಳುತ್ತಾರೆ. ಲೈಸೆನ್ಸ್ ಇಲ್ಲದೆ ಅದನ್ನು ಮಾರುವ ಹಾಗಿಲ್ಲ, ಅದು ಮೊದಲ ಮಾತು. ಎರಡನೆಯದು, ಏಪ್ರಿಲ್ ಬಿಸಿಲನ್ನು ವರ್ಷವರ್ಷವೂ ನಿಂತೇ ಕಂಡ ಕೆಂಪು ವೈನ್‌ಗೆ ನಾನು ಬೆಲೆ ಕಟ್ಟುವುದಿಲ್ಲ. ಮನೆಯವರೇ ತೆರೆದು ರುಚಿ ನೋಡಲಿ.

ನಾನು ಊರಿಗೆ ತರುವುದು ಎರಡೇ ಬಾಟಲಿ. ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ಬಿಡುವುದು ಎರಡು ಲೀಟರ್, 750 ಮಿಲಿಯ ಮೂರನೆಯದು ಅದನ್ನು ಮೀರುತ್ತದೆ. ಬಂದ ಮೇಲೆ ತಂಪಾದ ಕಡೆ ಕೆಲವು ದಿನ ನಿಲ್ಲಿಸಿ, ಗಸಿ ತಳಕ್ಕೆ ಕೂತ ಮೇಲೆಯೇ ತೆರೆಯುತ್ತೇನೆ. ತೆರೆದದ್ದನ್ನು ನಾಳೆಗೆ ಇಡುವುದಿಲ್ಲ. ಇಷ್ಟು ವಯಸ್ಸಾದ ವೈನ್ ಗಾಳಿ ಸೋಕಿದ ಮೇಲೆ ಬೇಗ ಸೋಲುತ್ತದೆ.