ಓದುಗರು ಬೈಯುತ್ತಲೇ ಓದಿದ ಪುಟ್ಟಸ್ವಾಮಿ

ನನ್ನ ಕಾದಂಬರಿಯ ಪುಟ್ಟಸ್ವಾಮಿ ತಂಗಿಗೆ ಮೋಸ ಮಾಡುತ್ತಾನೆ. ಮಂಡ್ಯದ ಕಡೆಯ ಕಬ್ಬು ಬೆಳೆಗಾರ, ಮನೆಗೆ ಹಿರಿಮಗ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತಾಯಿತು. ಆಮೇಲೆ ಎಷ್ಟೋ ಮನೆಗಳಲ್ಲಿ ಅಣ್ಣಂದಿರು ತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರು. ಇವನೂ ಅದನ್ನೇ ಮಾಡುತ್ತಾನೆ, ಅದೂ ಸುಳ್ಳು ಹೇಳಿ: "ಬ್ಯಾಂಕ್ ಸಾಲುಕ್ಕೆ ಒಂದು ಸೈನು ಕಣವ್ವ, ಅಷ್ಟೇಯ."

ಇವನನ್ನು ಒಳ್ಳೆಯವನನ್ನಾಗಿ ಮಾಡುವ ಆಸೆ ನನಗಿರಲಿಲ್ಲ. ಆದರೆ ಓದುಗರು ಇವನ ಬೆನ್ನು ಬಿಡಬಾರದು ಅನ್ನುವ ಆಸೆ ಇತ್ತು.

ಮೊದಲು ಹುಡುಕಿದ್ದು, ಇವನಿಗೆ ನಿಜವಾಗಿ ಬೇಕಾಗಿರುವುದು ಏನು ಅಂತ. ಜಮೀನು ಅಂದುಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು, ಬರೀ ದುರಾಸೆಯವನಾಗಿ ಉಳಿದುಬಿಡುತ್ತಾನೆ. ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವನು 10ನೇ ಶತಮಾನದ ರನ್ನ. ಅವನ 'ಗದಾಯುದ್ಧ'ದ ದುರ್ಯೋಧನ ನೆಲಕ್ಕಾಗಿ ಹೋರಾಡುವವನಲ್ಲ, ಛಲಕ್ಕಾಗಿ ಹೋರಾಡುವವನು. ಶರಶಯ್ಯೆಯಲ್ಲಿರುವ ಭೀಷ್ಮ ಸಂಧಿ ಮಾಡಿಕೋ ಅಂದರೂ ಒಪ್ಪುವುದಿಲ್ಲ. ಅದೇ ದುರ್ಯೋಧನ ರಣರಂಗದಲ್ಲಿ ಅಭಿಮನ್ಯುವಿನ ಹೆಣದ ಮುಂದೆ ನಿಂತು ಶತ್ರುವಿನ ಮಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ತಮ್ಮ ದುಶ್ಶಾಸನನ ಹೆಣದ ಮುಂದೆ, ತಾಯ ಹಾಲು ಕುಡಿಯುವುದರಲ್ಲಿ ನಾನು ಮೊದಲು, ನೀನು ಆಮೇಲೆ, ಸಾವಿನಲ್ಲಿ ಮಾತ್ರ ಕ್ರಮ ತಪ್ಪಿತಲ್ಲ ಅಂತ ಗೋಳಾಡುತ್ತಾನೆ. ಅವನ ತಪ್ಪು ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಆದರೂ ಓದುವಾಗ ಗಂಟಲು ಕಟ್ಟುತ್ತದೆ, ಅಲ್ವಾ?

ನನ್ನ ಪುಟ್ಟಸ್ವಾಮಿಗೆ ಬೇಕಾಗಿದ್ದು ಯಜಮಾನಿಕೆ. ಅಪ್ಪ ಕೂರುತ್ತಿದ್ದ ಜಗಲಿಯಲ್ಲಿ ಕೂತು, ಪಹಣಿಯಲ್ಲಿ ತನ್ನೊಬ್ಬನ ಹೆಸರು ನೋಡುವುದು. ತಂಗಿಯ ಮದುವೆಗೆ ಸಾಲ ಮಾಡಿದವನು ಅವನೇ. ಆ ಖರ್ಚೇ ಅವಳ ಪಾಲು ಅಂತ ಅವನು ಮನಸಾರೆ ನಂಬಿದ್ದಾನೆ. ಹೀಗೆ ನಂಬಿರುವವರನ್ನು ನಾವೆಲ್ಲ ಕಂಡಿದ್ದೇವೆ, ಅವರ ಮನೆಯಲ್ಲಿ ಊಟವನ್ನೂ ಮಾಡಿದ್ದೇವೆ.

ಹಸ್ತಪ್ರತಿ ಓದಿದ ಗೆಳೆಯರೊಬ್ಬರು ಅವನಿಗೊಂದು ದುಃಖದ ಬಾಲ್ಯ ಕೊಡಿ ಅಂದರು. ನಾನು ಕೊಡಲಿಲ್ಲ. ಪಾತ್ರ ತಪ್ಪು ಮಾಡಿದ ಕೂಡಲೇ ಲೇಖಕ ಹಳೆಯ ನೋವೊಂದನ್ನು ತಂದಿಟ್ಟರೆ, ಅವನ ಪರವಾಗಿ ವಕಾಲತ್ತು ಹಾಕಿದ ಹಾಗೆ. ಓದುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಪಾತ್ರದ ಮೇಲೆ ಸಿಟ್ಟು ಬಂದರೆ ಓದುಗರು ಪುಟ ತಿರುಗಿಸುತ್ತಾರೆ. ಲೇಖಕರ ಮೇಲೆ ಸಿಟ್ಟು ಬಂದರೆ ಪುಸ್ತಕ ಮುಚ್ಚಿಡುತ್ತಾರೆ. ಕೆಲವು ಕಾದಂಬರಿಗಳಲ್ಲಿ ನಾಯಕ ಹೆಂಡತಿಗೆ ಹೊಡೆಯುತ್ತಾನೆ, ಮುಂದಿನ ಅಧ್ಯಾಯದಲ್ಲಿ ಅದು ಯಾರಿಗೂ ನೆನಪೇ ಇಲ್ಲ. ಇಂಥದ್ದನ್ನು ಓದುವಾಗ ನನಗೆ ಬರುವುದು ಈ ಎರಡನೆಯ ಸಿಟ್ಟು. ತಪ್ಪಿಗೆ ಕಥೆಯೊಳಗೆ ತೂಕ ಇರಬೇಕು. ಯಾರಿಗೋ ಅದು ತಾಗಬೇಕು, ತಾಗಿದ್ದು ಕಾಣಬೇಕು.

ಹಾಗಾಗಿ ನಾನು ಜಾಸ್ತಿ ಹೊತ್ತು ಕಳೆದದ್ದು ತಂಗಿ ಜಯಮ್ಮನ ಜೊತೆ. ಏನೂ ತಿಳಿಯದ ಮುಗ್ಧೆಯನ್ನಾಗಿ ಮಾಡಿದ್ದರೆ ಓದುಗರ ಕರುಣೆ ಸುಲಭವಾಗಿ ಸಿಗುತ್ತಿತ್ತು. ಬದಲಿಗೆ ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತು ಪತ್ರವನ್ನು ಪೂರ್ತಿ ಓದುತ್ತಾಳೆ. ಓದಿ ಸಹಿ ಹಾಕುತ್ತಾಳೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಅವಳಿಗೆ ಗೊತ್ತು. ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಮಗಳ ಮದುವೆಗೆ ಸೋದರಮಾವ ಬಂದು ನಿಲ್ಲುವುದಿಲ್ಲ. ಈ ಲೆಕ್ಕವನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ.

ಪುಟ್ಟಸ್ವಾಮಿಯ ಮನಸ್ಸಿನಲ್ಲಿ ಏನಾಯಿತು ಅಂತಲೂ ನಾನು ಬರೆಯಲಿಲ್ಲ. ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುವವನು ಅವನು. ಅವತ್ತು ಮಾತ್ರ ತಂಗಿಗೆ ಸೀರೆ ಕೊಡಿಸುವಾಗ ಬೆಲೆ ಕೇಳದೆ ದುಡ್ಡು ಎಣಿಸುತ್ತಾನೆ. ತನ್ನ ತಪ್ಪು ಅವನಿಗೆ ಗೊತ್ತು ಅನ್ನುವುದಕ್ಕೆ ಇಷ್ಟು ಸಾಕಿತ್ತು. ಪಶ್ಚಾತ್ತಾಪದ ಮಾತು ಒಂದು ಬಂದಿದ್ದರೂ ಆ ದೃಶ್ಯ ಸಡಿಲವಾಗುತ್ತಿತ್ತು.

ಕಥೆಯೊಳಗೆ ಇದನ್ನು ಕಂಡು ಹೇಳುವವರು ಒಬ್ಬರು ಬೇಕಿತ್ತು. ಆ ಕೆಲಸವನ್ನು ಅವನ ಹೆಂಡತಿಗೆ ಕೊಟ್ಟೆ. ರಾತ್ರಿ ಊಟಕ್ಕೆ ಬಡಿಸುತ್ತಾ ಅನ್ನುತ್ತಾಳೆ: "ಅವ್ಳು ಓದ್ಕಂಡೇ ಸೈನ್ ಹಾಕವ್ಳೆ. ನಿಮ್ಗೆ ಗೊತ್ತಾಗ್ನಿಲ್ವಾ?" ಅವನು ಉತ್ತರ ಕೊಡದೆ ಸಾರು ಹಾಕು ಅನ್ನುತ್ತಾನೆ. ಇಡೀ ಕಾದಂಬರಿಯಲ್ಲಿ ಅವನಿಗೆ ಎದುರಾಗುವ ಆಪಾದನೆ ಇದೊಂದೇ. ಮಿಕ್ಕ ಕಡೆ ನಿರೂಪಣೆಯಿಂದ 'ಸ್ವಾರ್ಥಿ', 'ಪಾಪ' ಅನ್ನುವ ಥರದ ಮಾತುಗಳನ್ನು ಹುಡುಕಿ ಹುಡುಕಿ ತೆಗೆದೆ.

ಅದೇ ತಪ್ಪನ್ನು ಅದೇ ಥರ ಮತ್ತೆ ಮತ್ತೆ ಮಾಡಿಸುವುದೂ ಓದುಗರಿಗೆ ಬೇಸರ ತರಿಸುತ್ತದೆ. ಪುಟ್ಟಸ್ವಾಮಿ ಬದಲಾಗುವುದಿಲ್ಲ, ಆದರೆ ಪ್ರತಿ ಸಲ ತೆರುವ ಬೆಲೆ ಬೇರೆ. ಕಾರ್ಖಾನೆ ಕಬ್ಬಿನ ಬಾಕಿ ಕೊಡದೆ ಸತಾಯಿಸಿದ ವರ್ಷ ಅವನು ಸಾಲ ಕೇಳಲು ಹೋಗಬೇಕಾದ್ದು ತಂಗಿಯ ಗಂಡನ ಬಳಿಗೇ. ಆ ಅಧ್ಯಾಯ ಓದಿದವರೊಬ್ಬರು ಫೋನ್ ಮಾಡಿ, "ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸ್ತು, ಆದರೆ ಸಾಲ ಸಿಕ್ಕಲಿ ಅಂತಲೂ ಅನ್ನಿಸ್ತು" ಅಂದರು. ನನಗೆ ತುಂಬಾ ಖುಷಿಯಾಯಿತು.

ಜಮೀನನ್ನು ಅವನು ಕೊನೆಗೂ ವಾಪಸ್ ಕೊಡುವುದಿಲ್ಲ. ಯಾಕೆ ಕೊಡಿಸಲಿಲ್ಲ ಅಂತ ಈಗಲೂ ಕೇಳುವವರಿದ್ದಾರೆ. ನಾನು ಕಟ್ಟಿದ ಪುಟ್ಟಸ್ವಾಮಿ ಕೊಡುವವನಲ್ಲ. ಓದುಗರ ಸಮಾಧಾನಕ್ಕೆ ಅಂತ ಅವನ ಕೈಯಿಂದ ಕೊಡಿಸಿದ್ದರೆ, ಅದನ್ನೆಲ್ಲ ಓದಿ ಸಹಿ ಹಾಕಿದ ಜಯಮ್ಮನಿಗೆ ನಾನು ಅನ್ಯಾಯ ಮಾಡಿದಂತಾಗುತ್ತಿತ್ತು.